ಬಚ್ಚಲ ಗೋಡೆಯ ಸ್ವಿಚ್ಚು

ಗಂಗಮ್ಮ, ಅವತ್ತು ಶಬ್ದದ ಮೀಟರು ಅಳೆದದ್ದು ನಿನ್ನ ಗಿರಣಿಯ ಸದ್ದನ್ನಷ್ಟೇ ಅಲ್ಲ. ನನ್ನ ಮನೆಯ ನೀರಿನ ಮೋಟರನ್ನೂ ಸೇರಿಸಿ ಅಳೆಯಿತು. ಮೋಟರು ಹಾಕಿದವಳು ನಾನೇ — ಬೇಕೆಂದೇ.

ಅಜ್ಜಂಪುರದ ನಮ್ಮ ಬೀದಿಯಲ್ಲಿ ನಿನ್ನ ಹಿಟ್ಟಿನ ಗಿರಣಿಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಸ್ಕೂಲಿನಿಂದ ರಿಟೈರಾಗಿ ಒಬ್ಬಳೇ ಇದ್ದೇನೆ, ಗಿರಣಿ ಸದ್ದಿಗೆ ನಿದ್ದೆಯಿಲ್ಲ, ತಲೆ ಚಿಟ್ಟು ಹಿಡಿಯುತ್ತದೆ ಎಂದು ಮಾಲಿನ್ಯ ನಿಯಂತ್ರಣದ ಆಫೀಸಿಗೆ ಅರ್ಜಿ ಕೊಟ್ಟೆ. ಸುಳ್ಳು. ಮಿಷಿನ್ ನಿಂತ ಮೇಲೆ ಕೇಳುತ್ತಿತ್ತಲ್ಲ, ರಾಗಿ ಬೀಸಿಸಲು ಬಂದ ಹೆಂಗಸರ ನಗು — ಅದನ್ನು ನನಗೆ ತಡೆಯಲಾಗುತ್ತಿರಲಿಲ್ಲ. ಡಬ್ಬಿ ಹೊತ್ತು ನನ್ನ ಬಾಗಿಲ ಮುಂದೆಯೇ ಹೋಗುತ್ತಿದ್ದರು. ಒಬ್ಬಳಾದರೂ "ಏನ್ ಟೀಚರೇ, ಊಟ ಆಯ್ತಾ" ಅನ್ನಬಾರದೇ? ಹೊಟ್ಟೆಕಿಚ್ಚು ಗಂಗಮ್ಮ, ಬರೀ ಹೊಟ್ಟೆಕಿಚ್ಚು.

ಅಲ್ಲಿಂದ ಅಧಿಕಾರಿ ಬಂದು ನನ್ನ ಹಿತ್ತಲಲ್ಲಿ ಸ್ಟ್ಯಾಂಡಿನ ಮೇಲೆ ಮೀಟರಿಟ್ಟರು. ಗಿರಣಿ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ ನೋಡಿದರು.

"ಮಿತಿ ದಾಟಿಲ್ಲ ಮೇಡಂ. ಇನ್ನೊಂದ್ಸಲ ನೋಡಿ ಬರ್ಕೋತೀನಿ."

ಇನ್ನು ಬೀದಿಯವರೆಲ್ಲ ನನ್ನನ್ನೇ ಆಡಿಕೊಂಡು ನಗುತ್ತಾರೆ ಅನ್ನಿಸಿತು. ಕಾಫಿ ತರುತ್ತೇನೆಂದು ಒಳಗೆ ಹೋಗಿ ಬಚ್ಚಲ ಗೋಡೆಯ ಸ್ವಿಚ್ಚು ಒತ್ತಿದೆ. ಬಚ್ಚಲ ಕಿಟಕಿ ಹಿತ್ತಲಿಗೇ ತೆರೆದಿತ್ತು; ಮೋಟರಿನ ಗೊಂಯ್ ಅನ್ನುವ ಸದ್ದು ಗಿರಣಿಯದರ ಜೊತೆ ಸೇರಿಹೋಯಿತು. ಮೀಟರು ಸದ್ದು ಎಷ್ಟೆಂದು ಹೇಳುತ್ತದೆ, ಯಾರದ್ದೆಂದು ಹೇಳುವುದಿಲ್ಲ. ಅಂಕಿ ಮಿತಿ ದಾಟಿತು. ಅವರು ಬರೆದುಕೊಂಡರು. ಗಿರಣಿ ನಿಲ್ಲುವ ಮೊದಲೇ ನಾನು ಮೋಟರು ಆರಿಸಿದೆ.

ಆಗ ನೀನು — ಮೈಯೆಲ್ಲ ಹಿಟ್ಟು — ಬಂದು ನನ್ನ ಕೈ ಹಿಡಿದೆ.

"ಇಷ್ಟೊಂದು ಸದ್ದು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ ಟೀಚರೇ. ಹೆಂಗ್ ತಡ್ಕಂಡಿದ್ರೋ... ತಪ್ಪಾಯ್ತು, ಹೊಟ್ಟೆಗ್ ಹಾಕ್ಕಳ್ಳಿ."

ಆಗಲಾದರೂ ನಿಜ ಹೇಳಬಹುದಿತ್ತು — ನಿನಗೂ ಒಂದು ಲೋಟ ಕಾಫಿ ತಂದುಕೊಟ್ಟೆ.

ಆಫೀಸಿನಿಂದ ನೋಟಿಸು ಬಂದು ಗಿರಣಿ ಮುಚ್ಚಿತು. ನೀನು ಮಿಷಿನ್ ಮಾರಿದೆ. ಈಗ ಬೆಳಿಗ್ಗೆ ಬಸ್ಸು ಹಿಡಿದು ಕಡೂರಿನ ಕೊಬ್ಬರಿ ಮಂಡಿಗೆ ಕೂಲಿಗೆ ಹೋಗುತ್ತೀಯ. ಬೀದಿಯಲ್ಲಿ ಡಬ್ಬಿ ಹೊತ್ತವರೂ ಇಲ್ಲ. ಮಧ್ಯಾಹ್ನ ಚಮಚ ತಟ್ಟೆಗೆ ತಾಗಿದರೂ ಮನೆಯೆಲ್ಲ ಕೇಳುತ್ತದೆ. ಒಂದೊಂದು ಸಲ ಬರೀ ಸದ್ದಿಗೆಂದು ಮೋಟರು ಹಾಕುತ್ತೇನೆ — ಥೂ, ಅದೇ ಮೋಟರು.

ನನ್ನನ್ನು ದಿನಾ ಮಾತಾಡಿಸುವವಳು ನೀನೊಬ್ಬಳೇ. ಬಸ್ಸಿಗೆ ಹೋಗುತ್ತಾ ಗೇಟಿನ ಹತ್ತಿರ ನಿಂತು, "ಈಗ ನಿದ್ದೆ ಚೆನ್ನಾಗ್ ಬತ್ತದಾ ಟೀಚರೇ?" ಅಂತೀಯ. ಅದರಲ್ಲಿ ಕುಹಕವಿಲ್ಲ. ನಾನು ಹೂಂ ಅನ್ನುತ್ತೇನೆ.

ಇದನ್ನೆಲ್ಲ ಬರೆದು ಆ ಆಫೀಸಿಗೆ ಕಳಿಸುತ್ತಿದ್ದೇನೆ. ಅದರಿಂದ ನಿನ್ನ ಮಿಷಿನ್ ವಾಪಸ್ ಬರುವುದಿಲ್ಲ, ಗೊತ್ತು. ನಾಳೆ ನೀನು ಅದೇ ಮಾತು ಕೇಳುತ್ತೀಯ. ಇಲ್ಲ ಅನ್ನುತ್ತೇನೆ. ಒಳಗೆ ಕರೆದು ಆ ಸ್ವಿಚ್ಚು ತೋರಿಸುತ್ತೇನೆ.

ನಾಡಿದ್ದಿನಿಂದ ನೀನು ಗೇಟಿನ ಹತ್ತಿರ ನಿಲ್ಲದೆ ಹೋಗಬಹುದು. ಹೋಗು, ಗಂಗಮ್ಮ.