ಹಾಲುಬೆನ್ನಿನ ಕುದುರೆ

ಊರಿಗೆ ಆಟೋಗಳು ಬರುವ ಮುಂಚೆ ಆಳಂದದಲ್ಲಿ ನಾನು ಟಾಂಗಾ ಹೊಡೆಯುತ್ತಿದ್ದೆ. ನನ್ನ ಪಕ್ಕ ನಿಲ್ಲುತ್ತಿದ್ದ ಇನ್ನೊಬ್ಬ ಟಾಂಗಾದವನ ಗಂಡು ಕುದುರೆಯ ಕಂದು ಬೆನ್ನ ಮೇಲೆ ಹಾಲು ಚೆಲ್ಲಿದಂಥ ಬಿಳುಪಿತ್ತು. ಅದರ ಮರಿಗಳಿಗೂ ಅದೇ ಬಿಳುಪು. ಮದುವೆ ಮನೆಯವರು ನನ್ನನ್ನು ದಾಟಿ ಅವನ ಹತ್ತಿರ ಹೋಗುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಅವನು ಕುದುರೆಯ ಕುತ್ತಿಗೆ ಸವರುತ್ತ, "ಬಣ್ಣ ಬಳದಿದ್ದಲ್ರಿ, ರಕ್ತದಾಗ ಬಂದದ್ದು" ಎಂದು ಎಲ್ಲರಿಗೂ ಹೇಳುತ್ತಿದ್ದ.

ಆಸೆ ತಡೆಯದೆ ನನ್ನ ಹೆಣ್ಣು ಕುದುರೆಯನ್ನು ಅದಕ್ಕೆ ಕೂಡಿಸಿದೆ. ಹುಟ್ಟಿದ ಮರಿಯ ಮೈಮೇಲೆ ಒಂದು ಬಿಳಿ ಕೂದಲೂ ಇರಲಿಲ್ಲ. ನೋಡಲು ಬಂದ ಅವನು ಮರಿಯ ಕಾಲು ತಡವಿ, "ಏನ್ ಚಂದ ಕಾಲ್ರಿ ಇವು!" ಎಂದ.

"ಹಾಲು ಬಿಟ್ಟ ಮ್ಯಾಲ ನೀವೇ ಒಯ್ರಿ," ಎಂದೆ ಸಿಟ್ಟಿನಲ್ಲಿ. ಅವನು ನಿಜವಾಗಿಯೂ ಒಯ್ದ.

ಮೂರು ವರ್ಷದ ಮೇಲೆ ಖಜೂರಿ ಊರಿನ ದಾರಿಯಲ್ಲಿ ಅದೇ ಮರಿ ಅವನ ಟಾಂಗಾ ಎಳೆಯುತ್ತ ನನ್ನನ್ನು ಹಿಂದೆ ಹಾಕಿತು. ಬಿಳುಪಿಲ್ಲದ ಆ ಬೆನ್ನು ಮರೆಯಾಗುವವರೆಗೂ ನೋಡುತ್ತ ಉರಿದೆ.