ಮೊದಲ ಅ, ಕಡೇ ಅ

ಬೋರ್ಡಣ್ಣನ ಬಲಗೈ ಕಿರುಬೆರಳು ನೆಟ್ಟಗಾಗುತ್ತಲೇ ಇರಲಿಲ್ಲ. ಬರೆಯುವಾಗ ಕೈ ಅಲುಗಬಾರದೆಂದು ಆ ಬೆರಳನ್ನು ಹಲಗೆಗೆ ಊರಿ, ಅಂಗೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಮೂವತ್ತು ವರ್ಷ ಬರೆದದ್ದರ ಫಲ ಅದು. ತುದಿಯಲ್ಲಿ ಹುಣಸೆಬೀಜದಷ್ಟು ಜಡ್ಡುಗಟ್ಟಿತ್ತು. ಟೀ ಲೋಟ ಇಳಿಸುವಾಗ ಮೊದಲು ಆ ಬೆರಳು ಮೇಜಿಗೆ ತಾಗುತ್ತಿತ್ತು, ಆಮೇಲೆ ಲೋಟ. ಬಾರಿನಲ್ಲಿ ಗ್ಲಾಸು ಇಡುವಾಗಲೂ ಹಾಗೆಯೇ, ಸದ್ದಾಗುತ್ತಿರಲಿಲ್ಲ.

ಹಾಸನದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಆತನನ್ನು ಎಲ್ಲರೂ ಕರೆಯುತ್ತಿದ್ದದ್ದು ಬೋರ್ಡಣ್ಣ ಅಂತಲೇ. ಆ ಬೀದಿಯಲ್ಲಿ ಮೂರು ಬಾರುಗಳಿದ್ದವು, ಮೂರಕ್ಕೂ ದೇವರ ಹೆಸರು. ನಡುವೆ ಒಂದು ಬಳೆ ಅಂಗಡಿ, ಒಂದು ಹಗ್ಗದ ಅಂಗಡಿ, ಆಲೂಗಡ್ಡೆ ಬೀಜ ಮಾರುವ ಮಂಡಿ, ಮಧ್ಯಾಹ್ನ ಹನ್ನೆರಡಕ್ಕೇ ಮುದ್ದೆ ಖಾಲಿಯಾಗುತ್ತಿದ್ದ ಒಂದು ಮಿಲಿಟರಿ ಹೋಟೆಲು. ಇವೆಲ್ಲದರ ನೆತ್ತಿಯ ಮೇಲೂ ಬೋರ್ಡಣ್ಣನ ಅಕ್ಷರ. ದುಂಡಗೆ, ಸ್ವಲ್ಪ ಬಲಕ್ಕೆ ವಾಲಿಕೊಂಡು, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡವರ ಹಾಗೆ ನೆಮ್ಮದಿಯಿಂದ ಕೂತಿರುತ್ತಿದ್ದವು. ತಲೆಕಟ್ಟುಗಳನ್ನು ಮಾತ್ರ ಆತ ಆಗಿಂದಾಗಲೇ ಹಾಕುತ್ತಿರಲಿಲ್ಲ. ಇಡೀ ಸಾಲು ಮುಗಿದ ಮೇಲೆ ಉಸಿರು ಬಿಗಿಹಿಡಿದು ಎಲ್ಲಕ್ಕೂ ಒಟ್ಟಿಗೆ ಎಳೆಯುತ್ತಿದ್ದ.

ಈಗ ಆ ಬೀದಿಗೆ ಹೋಗುವುದೆಂದರೆ ನನಗೆ ಮೈಯೇ ಭಾರ. ಬಸ್ಸುಗಳು ಬೇರೆ ಕಡೆಗೆ ಹೋದ ಮೇಲೆ ಜನವೂ ಹೋದರು. ಎರಡು ಬಾರುಗಳು ಮುಚ್ಚಿದವು, ಒಂದು ದೊಡ್ಡ ರಸ್ತೆಗೆ ಹೋಗಿ ಗಾಜಿನ ಬಾಗಿಲು ಹಾಕಿಸಿಕೊಂಡಿತು. ಮುದ್ದೆಯ ಹೋಟೆಲಿದ್ದಲ್ಲಿ ಮೊಬೈಲಿನ ಕವರು ನೇತುಹಾಕಿದ್ದಾರೆ. ಹೋದ ತಿಂಗಳು ಮೊಣಕಾಲು ನೀವಿಕೊಳ್ಳುತ್ತ ಒಂದು ಅಂಗಡಿ ಕಟ್ಟೆಯ ಮೇಲೆ ಕೂತಿದ್ದೆ. ಯಾರೂ ಮಾತಾಡಿಸಲಿಲ್ಲ. ನನಗೂ ಯಾರನ್ನಾದರೂ ಮಾತಾಡಿಸಬೇಕೆಂಬ ಉತ್ಸಾಹ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಹೊಳೆನರಸೀಪುರದ ದೇವಸ್ಥಾನದ ಬೀದಿಯವನು. ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚುವುದಕ್ಕೇ ಹಿತ್ತಿಲಿಗೆ ಹೋಗಬೇಕಿತ್ತು. ಅಂಥ ನಾನು ಭಾನುವಾರ ಮಧ್ಯಾಹ್ನ ನಡುವಿನ ಬಾರಿಗೆ ಹಿಂಬಾಗಿಲಿನಿಂದ ಹೋಗಿ, ಪರದೆ ಕಟ್ಟಿದ ಫ್ಯಾಮಿಲಿ ರೂಮಿನಲ್ಲಿ ಒಬ್ಬನೇ ಕೂರುತ್ತಿದ್ದೆ. ಫ್ಯಾಮಿಲಿ ಜೊತೆಗಿದ್ದಿದ್ದರೆ ಅಲ್ಲಿಗೆ ಯಾಕೆ ಹೋಗುತ್ತಿದ್ದೆ, ಆ ಮಾತು ಬೇರೆ. ಮೊದಲ ದಿನ ಆ ಪರದೆಯ ಮೇಲಿನ ಹಲಗೆ ಓದಿ ಕುಡಿದದ್ದು ಮೂಗಿಗೆ ಹತ್ತುವಷ್ಟು ನಕ್ಕೆ. ‘ಕುಟುಂಬಕ್ಕೆ ಪ್ರತ್ಯೇಕ ಹಾಸನ ವ್ಯವಸ್ಥೆ ಇದೆ’ ಎಂದಿತ್ತು.

ಪರದೆಯಾಚೆ ಕೂತಿದ್ದವನು ಇಣುಕಿದ. ಅಂಗಿಯ ಮೇಲೆಲ್ಲ ಏಳು ಬಣ್ಣ.

“ಯಾಕ್ ಸಾ ನಗ್ತಿದೀರಿ?”

“ಇದನ್ನ ಬರೆದವನು ಯಾರಪ್ಪ? ಹಾಸನ ಅಂತ ಬರ್ದಿದಾನೆ. ಅದು ಆಸನ.”

“ಆಸ್ನ ಅಂತ್ಲೇ ಅಲ್ವಾ ಸಾ ನಾನೂ ಬರ್ದಿರದು?”

ಆತನ ಕಿವಿಗೆ ಎರಡೂ ಒಂದೇ ಆಗಿ ಕೇಳುತ್ತಿದ್ದವು. ಅದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕೊಣನೂರಿನ ಕಡೆಯ ಹಳ್ಳಿಯವನು. ಊರಲ್ಲಿ ಯಾರ ಬಾಯಲ್ಲೂ ಇಲ್ಲದ ಹಕಾರವನ್ನು ಶಾಲೆಯಲ್ಲಿ ಬೆತ್ತ ಹಿಡಿದು ಕೇಳಿದ್ದರು. ಆತನೇ ಹೇಳಿದ: “ಅದನ್ನ ಬುಟ್ಟು ಬರುದ್ರೆ ಏಟು ಬೀಳೋದು ಸಾ. ಎಲ್ಲಿ ಬುಟ್ರೆ ಬೀಳ್ತದೆ ಅಂತ ಮಾತ್ರ ತಿಳೀನಿಲ್ಲ. ಅದ್ಕೆ ಅನುಮಾನ ಬಂದ್ ಕಡೆಲೆಲ್ಲ ಒಂದು ಆಕ್ಬುಡ್ತೀನಿ. ಬುಡೋದ್ಕಿಂತ ಆಕೋದು ಮೇಲಲ್ವಾ?”

ಮೇಲೆನಿಸಿದ ಕಡೆ ಹಾಕಿ, ಮರೆತ ಕಡೆ ಬಿಟ್ಟು, ಆತ ಇಡೀ ಬೀದಿಯನ್ನು ಬರೆದಿದ್ದ. ಮಂಡಿಯ ಮುಂದೆ ‘ಹಾಲುಗಡ್ಡೆ ಬೀಜ ದೊರೆಯುತ್ತದೆ’. ಹಗ್ಗದ ಅಂಗಡಿಯ ಮೇಲೆ ‘ಅಗ್ಗದ ಅಂಗಡಿ’. ಇದನ್ನು ತಿದ್ದಿಸೋಣ ಎಂದು ನಾನು ಹೇಳಿದಾಗ ಹಗ್ಗದ ಸಾಹುಕಾರರು ಒಪ್ಪಲಿಲ್ಲ. “ಇರ್ಲಿ ಬುಡಿ ಮೇಷ್ಟ್ರೆ, ಅಗ್ಗ ಅಂತ ಓದ್ಕಂಡು ಚನ್ನರಾಯಪಟ್ಟಣದಿಂದೆಲ್ಲ ಜನ ಬತ್ತಾವ್ರೆ” ಎಂದರು.

ಅಲ್ಲಿಂದ ನಮ್ಮ ಒಡನಾಟ ಶುರುವಾಯಿತು. ಹೊಸ ಬೋರ್ಡು ಬಂದರೆ ಆತ ಮೊದಲು ಸೀಮೆಸುಣ್ಣದಲ್ಲಿ ಬರೆದು, ನನಗಾಗಿ ಸ್ಕೂಲಿನ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ. ಬಾಯಲ್ಲಿ ಬೇರೆ ಮಾಡಿ ಹೇಳಲಾಗದ ಆ ಎರಡು ಅಕ್ಷರಗಳಿಗೆ ತಾನೇ ಹೆಸರಿಟ್ಟುಕೊಂಡಿದ್ದ. ವರ್ಣಮಾಲೆಯಲ್ಲಿ ಎಲ್ಲಕ್ಕಿಂತ ಮುಂದೆ ಬರುವುದು ‘ಮೊದಲ ಅ’. ಹೆಚ್ಚುಕಮ್ಮಿ ಕೊನೆಗೆ ಬರುವ ಹಕಾರ ‘ಕಡೇ ಅ’.

“ಸಾ, ಅಣ್ಣಿನ ಅಂಗಡಿ. ಮೊದ್ಲುದೋ ಕಡೇದೋ?”

“ಹಣ್ಣಿಗೆ ಕಡೇದು. ಅಂಗಡಿಗೆ ಮೊದಲನೇದು.”

“ಅಣ್ಣ ಅನ್ನೋದ್ಕೆ?”

“ಮೊದಲನೇದು.”

“ನೋಡಿ ಮತ್ತೆ. ಅಣ್ಣನೂ ಅಣ್ಣೂ ಬ್ಯಾರೆ ಅಂದ್ರೆ ನ್ಯಾಯ್ವಾ ಸಾ?”

ಇಪ್ಪತ್ತು ವರ್ಷ ಹೀಗೆ ನಡೆಯಿತು. ಬೀದಿಯ ತಪ್ಪುಗಳೆಲ್ಲ ಒಂದೊಂದಾಗಿ ಸರಿಯಾದವು, ಹಗ್ಗದ ಅಂಗಡಿಯದೊಂದನ್ನು ಬಿಟ್ಟು. ಆತನಿಗೆ ತನ್ನ ಅಕ್ಷರದ ಮೇಲೆ ಇದ್ದ ಹೆಮ್ಮೆ ಸಣ್ಣದಲ್ಲ. “ಈ ಬೀದಿ ಕಾಗುಣಿತ ನಮ್ಮಿಬ್ರದು” ಎಂದು ಬಾರಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ. ಪರದೆಯ ಹಿಂದೆ ಇರುವವನು ಯಾರೆಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಒಂದು ಭಾನುವಾರ ಕುಡಿದು ಹೊರಡುವಾಗ ಹಿಂಬಾಗಿಲಿಗೆ ಬೀಗ ಬಿದ್ದಿತ್ತು. ಮುಂಬಾಗಿಲಿನಿಂದಲೇ ಹೋಗೋಣವೆಂದು ಹೊಸ್ತಿಲಿಗೆ ಬಂದವನು ಅಲ್ಲೇ ಕಲ್ಲಾದೆ. ಪಕ್ಕದ ಬಳೆ ಅಂಗಡಿಯಲ್ಲಿ ನನ್ನ ಮಾವ. ಅರಕಲಗೂಡಿನಿಂದ ಮಗಳನ್ನು ನೋಡಲು ಬಂದವರು ಬಳೆ ಆರಿಸುತ್ತಿದ್ದರು. ಮಹಾ ಮಡಿವಂತರು. ಬೋರ್ಡಣ್ಣ ಆಗ ಏಣಿಯ ಮೇಲಿದ್ದ. ನನ್ನ ಮುಖ ನೋಡಿದ, ಬಳೆ ಅಂಗಡಿ ನೋಡಿದ. ಸರಸರನೆ ಇಳಿದು ಏಣಿಯನ್ನು ಬಾರಿನ ಬಾಗಿಲಿಗೇ ಅಡ್ಡ ಒರಗಿಸಿ, ಹಸಿರು ಬಣ್ಣ ತೆಗೆದುಕೊಂಡು ಬಾಗಿಲಿಗೆ ಬಳಿಯತೊಡಗಿದ. “ಯಾರೂ ದಾಟ್ಬ್ಯಾಡಿ, ಅಸಿ ಬಣ್ಣ” ಎಂದು ಒಳಗಿನವರಿಗೆ ಕೂಗಿದ. ಆಮೇಲೆ ನನ್ನ ಮಾವನನ್ನೇ ಮಾತಿಗೆಳೆದು, ಬಳೆಗೆ ಯಾವ ಬಣ್ಣ ಒಪ್ಪುತ್ತದೆಂದು ಸಲಹೆ ಕೊಟ್ಟು, ಆಟೋ ಹತ್ತಿಸಿಯೇ ಬಂದ. ಸಂಜೆ ಮನೆಯಲ್ಲಿ ಮಾವ, “ಆ ಹಾಳು ಬಾರಿನ ಮುಂದೆ ಒಬ್ಬ ಬಣ್ಣದವನಿದ್ದ. ಎಷ್ಟು ಮರ್ಯಾದಸ್ಥ” ಎಂದರು. ಬಾರಿನ ಮಾಲೀಕರು ಬೈದರಂತೆ. ಆ ಬಾಗಿಲು ಬಹಳ ದಿನ ಅರ್ಧ ಹಸಿರಾಗಿ, ಅರ್ಧ ಕಂದಾಗಿಯೇ ಇತ್ತು.

ನನ್ನ ಗುಟ್ಟನ್ನು ಆತ ಹಾಗೆ ಕಾಪಾಡಿದ. ಆತನದನ್ನು ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕಾಗಿದೆ. ಇಷ್ಟು ವರ್ಷ ಹೇಳದೆ ಸುಸ್ತಾಗಿದೆ.

ಒಂದು ರಾಜ್ಯೋತ್ಸವದ ಬೆಳಿಗ್ಗೆ ನಮ್ಮ ಸ್ಕೂಲಿನ ಮೈದಾನದಲ್ಲಿ ಸಭೆ. ಬೀದಿಯ ಅಂಗಡಿಯವರೆಲ್ಲ ಬಂದಿದ್ದರು. ವೇದಿಕೆಯ ಹಿಂದಿನ ಬಟ್ಟೆಯ ಬ್ಯಾನರು ಬೋರ್ಡಣ್ಣನದೇ. ಹಿಂದಿನ ದಿನ ಅದನ್ನೂ ನನ್ನನ್ನು ಕೇಳಿಯೇ ಬರೆದಿದ್ದ. ನನಗಿಂತ ಮುಂಚೆ ಮಾತಾಡಿದವರು ಜನರನ್ನು ನಿದ್ದೆಗೆ ಕೆಡವಿದ್ದರು. ನಾನು ಎದ್ದು ಎರಡು ಮಾತಾಡಿದೆ, ಯಾರೂ ಅಲುಗಲಿಲ್ಲ. ಆಗ ನನ್ನ ನಾಲಿಗೆಗೆ ‘ಕುಟುಂಬಕ್ಕೆ ಪ್ರತ್ಯೇಕ ಹಾಸನ’ ಬಂತು. ಜನ ನಕ್ಕರು. ಹಾಲುಗಡ್ಡೆ ಬಿಟ್ಟೆ, ಇನ್ನೂ ನಕ್ಕರು. ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ‘ಮೊದ್ಲುದೋ ಕಡೇದೋ ಸಾ’ ಎಂದು ಆತನ ಧ್ವನಿಯನ್ನೇ ಅಣಕಿಸಿ ತೋರಿಸಿದೆ. ಆ ಹಕಾರ ನನಗೆ ತಾಯಿಯ ಮೊಲೆಹಾಲಿನ ಜೊತೆ ಪುಕ್ಕಟೆ ಬಂದದ್ದು. ಅದಕ್ಕೆ ನಾನು ಒಂದು ದಿನವೂ ದುಡಿದವನಲ್ಲ. ಆದರೂ ಅವತ್ತು ನಾನೇ ಹುಟ್ಟಿಸಿದವನಂತೆ ಕುಣಿದೆ.

ಜನರೆಲ್ಲ ಹಿಂದೆ ತಿರುಗಿ ನೋಡಿದರು. ಕೊನೆಯ ಸಾಲಿನಲ್ಲಿ ಬೋರ್ಡಣ್ಣ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ತಾನು ಬರೆದ ಬ್ಯಾನರು ತೋರಿಸಲು ಕರೆತಂದಿದ್ದನಂತೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರಲ್ಲ, ಅದಕ್ಕೆ ಆತನೂ ನಕ್ಕ. ಹೆಂಡತಿ ನಗಲಿಲ್ಲ. ಆತ ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ವಾರದೊಳಗೆ ಮೂರೂ ಬಾರಿನವರು ಬೇರೆಯವರನ್ನು ಕರೆಸಿ ಹೊಸ ಬೋರ್ಡು ಬರೆಸಲು ಹೊರಟರು. “ಮೇಷ್ಟ್ರು ಏಳಿದ್ಮ್ಯಾಲೆ ನಮ್ಗೂ ನಾಚ್ಕೆ ಆಯ್ತು ಕಣ್ರೀ” ಎಂದರು. ಅವರ ಬೋರ್ಡುಗಳಲ್ಲಿ ಆಗ ಒಂದು ತಪ್ಪೂ ಇರಲಿಲ್ಲ. ಅದನ್ನು ಅವರಿಗೆ ಹೇಳಿದೆ. ನಗುವಾಗ ಕೇಳಿದಷ್ಟು ಗಮನವಿಟ್ಟು ಯಾರೂ ಕೇಳಲಿಲ್ಲ.

ಬೋರ್ಡಣ್ಣ ಜಗಳಕ್ಕೆ ಬರಲಿಲ್ಲ. ಬಾರಿನಲ್ಲಿ ಕಂಡರೆ ಪರದೆಯೊಳಗಿನ ಬೆಂಚಿನಲ್ಲಿ ಸರಿದು ಜಾಗ ಕೊಡುತ್ತಿದ್ದ, ಕಡಲೆಬೀಜದ ತಟ್ಟೆಯನ್ನು ನನ್ನತ್ತ ತಳ್ಳುತ್ತಿದ್ದ. ಆದರೆ ಸ್ಕೂಲಿನ ಗೇಟಿಗೆ ಬರುವುದು ನಿಂತಿತು. ಬೋರ್ಡು ಬರೆಯುವುದನ್ನೇ ಬಿಟ್ಟು ಆರ್‌ಟಿಒ ಆಫೀಸಿನ ಎದುರು ಮರದ ಕೆಳಗೆ ಬೈಕು, ಟ್ರ್ಯಾಕ್ಟರುಗಳ ನಂಬರ್ ಪ್ಲೇಟು ಬರೆಯಲು ಕೂತ. ಯಾಕಪ್ಪ ಎಂದು ಒಮ್ಮೆ ಕೇಳಿದೆ, ಗೊತ್ತಿದ್ದೂ.

“ನಂಬರ್‌ಗೆ ಮೊದ್ಲುದು ಕಡೇದು ಅಂತ ಇಲ್ಲ ಸಾ. ಎಲ್ರ ಬಾಯಲ್ಲೂ ಒಂದೇ” ಎಂದ.

ಬೀದಿಗೆ ಫ್ಲೆಕ್ಸು ಬಂತು. ಆಮೇಲೆ ನಂಬರ್ ಪ್ಲೇಟನ್ನೂ ಮಿಶನ್ನು ಅಚ್ಚು ಹಾಕತೊಡಗಿತು. ಆತ ಊರಿಗೆ ಹೋದ.

ನಾನು ರಿಟೈರಾಗಿ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದೆ. ಗ್ರಾನೈಟಿನಲ್ಲಿ ಹೆಸರು ಕೆತ್ತಿಸಿ ಎಂದು ಎಲ್ಲರೂ ಹೇಳಿದರು. ನಾನು ಹಟ ಹಿಡಿದು ಒಂದು ಮರದ ಹಲಗೆ ಕೊಯ್ಯಿಸಿ, ಕೊಣನೂರಿನ ಸಂತೆಗೆ ಬರುವವರೊಬ್ಬರ ಕೈಲಿ ಬೋರ್ಡಣ್ಣನಿಗೆ ಹೇಳಿಕಳಿಸಿದೆ. ಹಲಗೆ ನೆಪ. ಕ್ಷಮಿಸಪ್ಪ ಎಂದು ಹೇಳಬೇಕಿತ್ತು. ಕನ್ನಡಿಯ ಮುಂದೆ ನಿಂತು ಎರಡು ಮೂರು ರೀತಿಯಲ್ಲಿ ಹೇಳಿ ನೋಡಿಯೂ ಇದ್ದೆ.

ಬಂದ. ಕೂದಲು ಬೆಳ್ಳಗಾಗಿತ್ತು, ಕಿರುಬೆರಳು ಇನ್ನೂ ಬಾಗಿತ್ತು. ಊರಿನವರ ಬಾಯಲ್ಲಿ ನಾನು ಬರೀ ಮೇಷ್ಟ್ರು. ನನ್ನ ಹೆಸರು ಆತನಿಗೆ ಅದುವರೆಗೆ ಬೇಕಾಗಿಯೇ ಇರಲಿಲ್ಲ. ಕೇಳಿದ, ಹೇಳಿದೆ. ಹಕಾರದಿಂದ ಶುರುವಾಗುವ ಹೆಸರು. ಜಗಲಿಯ ಮೇಲೆ ಕೂತು ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯತೊಡಗಿದ. ಕೈ ಸ್ವಲ್ಪ ನಡುಗುತ್ತಿತ್ತು, ಬೆರಳು ಊರಿದ ಮೇಲೆ ನಿಂತಿತು. ನಾನು ಪಕ್ಕದಲ್ಲಿ ಕೂತು ಮಳೆ, ಬೆಳೆ, ಸಕ್ಕರೆ ಕಾಯಿಲೆ ಎಲ್ಲ ಮಾತಾಡಿದೆ. ಕನ್ನಡಿಯ ಮುಂದೆ ಹೇಳಿ ನೋಡಿದ್ದೊಂದನ್ನು ಮಾತ್ರ ಬಿಟ್ಟೆ. ತಲೆಕಟ್ಟುಗಳನ್ನೆಲ್ಲ ಎಳೆದು ಮುಗಿಸಿದಾಗ ನೋಡುತ್ತೇನೆ, ಮೊದಲ ಅಕ್ಷರದ ಜಾಗ ಖಾಲಿ.

“ಒಂದಕ್ಷರ ಬಾಕಿ ಅದೆ ಸಾ” ಎಂದ. ಬ್ರಷ್ ಹಿಡಿದುಕೊಂಡೇ ನನ್ನ ಮುಖ ನೋಡಿದ.

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಕಾದು, ನನ್ನ ಹೆಸರಿನ ತಲೆಯನ್ನೇ ತೆಗೆದು ಕೈಯಲ್ಲಿ ಕೊಟ್ಟಿದ್ದಾನೆ ಎಂದುಕೊಂಡೆ. ಕೊಡಲಿ, ನನಗೆ ಆಗಬೇಕಾದ್ದೇ ಎಂದೂ ಅನ್ನಿಸಿತು. ತಲೆ ತಗ್ಗಿಸಿ ಕೂತೆ. ಆತ ಬಹಳ ಹೊತ್ತು ಕಾದ.

“ಇರ್ಲಿ ಬುಡಿ ಸಾ” ಎಂದು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದ. ಕಾಫಿ ಕುಡಿದು ಬಸ್ಸಿಗೆ ಹೋದ.

ಹಲಗೆಯನ್ನು ಹಾಗೆಯೇ ಗೇಟಿನ ಪಕ್ಕ ತೂಗುಹಾಕಿದೆ. ನನ್ನ ಹೆಂಡತಿ, “ಮುಂದಿನ ಹಲ್ಲು ಬಿದ್ದ ಹಾಗಿದೆ. ಆತನನ್ನೇ ಇನ್ನೊಂದು ಸಲ ಕರೆದರೆ ಏನು ಗಂಟು ಹೋಗುತ್ತೆ?” ಎಂದು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದಳು. ನಾನು ಒಪ್ಪಲಿಲ್ಲ. ಅದು ನನ್ನ ಶಿಕ್ಷೆ, ಅದನ್ನು ಅನುಭವಿಸುತ್ತೇನೆ ಎಂದೆ. ಗೇಟು ತೆಗೆಯುವಾಗಲೆಲ್ಲ ಆ ಖಾಲಿ ಜಾಗ ನೋಡಿ ಒಂದು ಬಗೆಯ ಸಮಾಧಾನವೂ ಆಗುತ್ತಿತ್ತು. ಪಶ್ಚಾತ್ತಾಪದಲ್ಲೂ ಮನುಷ್ಯನಿಗೆ ಎಷ್ಟು ಜಂಬ ಇರುತ್ತದೆ ನೋಡಿ. ಹೀಗೆ ಎರಡು ವರ್ಷ ಕಳೆದವು.

ಈ ಬೇಸಿಗೆಯಲ್ಲಿ ಅಂಚೆಯಲ್ಲಿ ತಿಥಿಯ ಕಾರ್ಡು ಬಂತು. ಆತನ ನಿಜವಾದ ಹೆಸರನ್ನು ನಾನು ಮೊದಲ ಸಲ ಓದಿದ್ದು ಅದರಲ್ಲೇ. ಬಸ್ಸು ಹಿಡಿದು ಹೋದೆ. ಅಂಗಳದಲ್ಲಿ ಶಾಮಿಯಾನ, ಹತ್ತಿಪ್ಪತ್ತು ಜನ. ಆತನ ಹೆಂಡತಿ ನನ್ನನ್ನು ಗುರುತು ಹಿಡಿದು ಒಳಗೆ ಕರೆದು ಚಾಪೆ ಹಾಕಿದರು. ರಾಜ್ಯೋತ್ಸವದ ದಿನ ನಗದೆ ಕೂತಿದ್ದ ಆ ಮುಖವನ್ನು ನೇರವಾಗಿ ನೋಡಲು ನನಗೆ ಆಗಲಿಲ್ಲ. ಕೊನೆಗೆ ನೆಲ ನೋಡಿಕೊಂಡೇ ಹೇಳಿದೆ.

“ಅವತ್ತು ನಾನು ಮಾಡಿದ್ದು ತಪ್ಪಮ್ಮ. ಅದಕ್ಕೇ ನನ್ನ ಬೋರ್ಡಿನಲ್ಲಿ ಒಂದಕ್ಷರ ಬಿಟ್ಟು ಹೋದ. ಬಿಟ್ಟದ್ದು ಸರಿಯಾಗೇ ಇದೆ.”

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನು ನೋಡಿದರು.

“ಅಯ್ಯೋ, ಅಂಗಲ್ಲ ಸಾ. ನಿಮ್ನ ಕೇಳ್ದೆ ಆ ಅಕ್ಷರ ಬರೀಬಾರ್ದು ಅಂತ ಬುಟ್ಟಿದ್ರು. ಮೊದ್ಲುದೋ ಕಡೇದೋ ನೀವು ಏಳ್ತೀರಿ ಅಂತ ಕೂತಿದ್ರಂತೆ, ನೀವು ಮಾತೇ ಆಡ್ನಿಲ್ವಂತೆ. ಯಾಕೋ ಬೇಜಾರಲ್ಲವ್ರೆ ಅಂತ ಎದ್ದು ಬಂದ್ರು. ಮೇಷ್ಟ್ರು ಕರೀತಾರೆ, ಓಗಿ ಬರ್ದು ಬತ್ತೀನಿ ಅಂತ ಬಿಳೀ ಬಣ್ಣದ್ ಡಬ್ಬಿ ಬ್ಯಾರೆ ಯಾವ್ದುಕ್ಕೂ ಮುಟ್ನಿಲ್ಲ. ನೀವು ಕರೀನೇ ಇಲ್ವಲ್ಲ ಸಾ.”