ಆಕೆಗೆ ಮೊದಲು ತೋರಿಸಿದ ಬಂಗಾರ

ಮದುವೆಯ ದಿನ ನನ್ನ ಕೊರಳಿಗೆ ಎರಡು ಕಟ್ಟಿದರು. ಒಂದು ತಾಳಿ. ಇನ್ನೊಂದು, ನನ್ನ ಗಂಡನ ತೀರಿಹೋದ ಮೊದಲ ಹೆಂಡತಿ.

ಎಂಟಾಣೆಗಿಂತ ತುಸು ಚಿಕ್ಕದಾದ ತೆಳ್ಳನೆಯ ಬಂಗಾರದ ತಗಡು. ಅದರ ಮೇಲೆ ನಿಂತ ಹೆಂಗಸಿನ ಉಬ್ಬುಚಿತ್ರ. ಕಣ್ಣಿಗೆ ಎರಡು ಚುಕ್ಕೆ, ಸೀರೆಗೆ ನಾಲ್ಕು ಗೀರು. ಖಾನಾಪುರದ ಕಡೆ ಅದಕ್ಕೆ ಟಾಕು ಅನ್ನುತ್ತಿದ್ದರು. ಹೆಂಡತಿ ಸತ್ತವನನ್ನು ಮದುವೆಯಾಗಿ ಬಂದವಳು ಅದನ್ನು ಧರಿಸಲೇಬೇಕು, ಇಲ್ಲದಿದ್ದರೆ ಹೋದವಳು ಬಂದವಳನ್ನು ಬಾಳಗೊಡುವುದಿಲ್ಲ ಎಂಬ ನಂಬಿಕೆ. ಆಕೆಯದೇ ಮೂಗುಬೊಟ್ಟು, ಬೆಂಡೋಲೆ ಕರಗಿಸಿ ನಮ್ಮತ್ತೆ ಅದನ್ನು ಮಾಡಿಸಿದ್ದರು.

ಬೆಳಗಾವಿಯ ಟಿಳಕವಾಡಿಯ ನನ್ನ ತವರಿನಲ್ಲಿ ಈ ಪದ್ಧತಿ ಇರಲಿಲ್ಲ. ಅಲ್ಲಿನ ಕಾನ್ವೆಂಟಿನಲ್ಲಿ ಸೂಪರ್‌ಸ್ಟಿಷನ್ ಮೇಲೆ ಎಸ್ಸೆ ಬರೆದು, ಸಿಸ್ಟರ್ ಕೈಯಿಂದ ಸಂತರ ಚಿತ್ರವೊಂದನ್ನು ಬಹುಮಾನವಾಗಿ ಪಡೆದವಳು ನಾನು. ಆ ಚಿತ್ರವನ್ನು ಪರೀಕ್ಷೆಯ ದಿನ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ ಎಂಬುದು ಬೇರೆ ಮಾತು. ಅಪ್ಪ, "ಇರ್ಲಿ ಬಿಡು, ಒಂದು ಆರ್ನಮೆಂಟ್ ಅನಕೋ" ಎಂದರು. ನನಗೆ ಇಪ್ಪತ್ತೆಂಟು ದಾಟಿತ್ತು. ಅಂದುಕೊಂಡೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಮ್ಮವರದು ಖಾನಾಪುರದಲ್ಲಿ ಹಂಚಿನ ಕಾರ್ಖಾನೆ. ಊರಿನ ಆ ತುದಿಯಲ್ಲಿ ಗಾಳಿ ಬೀಸಿದರೆ ಅನ್ನದ ತಟ್ಟೆಯ ಮೇಲೂ ಕೆಂಪು ಧೂಳು. ಬಂಗಾರದ ದರ ಆಗ ಹುಚ್ಚು ಹಿಡಿದಂತೆ ಏರುತ್ತಿತ್ತು. ಹಂಚು ಮಾರಿ ಬಂದದ್ದನ್ನೆಲ್ಲ ನಮ್ಮವರು ಬಂಗಾರಕ್ಕೆ ಹಾಕತೊಡಗಿದರು. ಗಟ್ಟಿ ಬಂಗಾರವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗ ಸರ್ಕಾರದ ಕಾಯ್ದೆ ಬಿಡುತ್ತಿರಲಿಲ್ಲ, ಇಟ್ಟರೆ ಒಡವೆಯಾಗಿಯೇ ಇಡಬೇಕು. ಹಾಗಾಗಿ ಬಳೆ, ಪಾಟಲಿ, ಸರ ಎಂದು ಮಾಡಿಸಿ ತರುತ್ತಿದ್ದರು. ಎಲ್ಲವೂ ನನ್ನ ಮೈಮೇಲೆ ಬರುತ್ತಿದ್ದವು. ನಮ್ಮವರ ಸೇಫ್ ಡಿಪಾಸಿಟ್ ಲಾಕರ್ ನಾನೇ ಆಗಿದ್ದೆ. ಅಡುಗೆ ಮಾಡುವ, ಪತ್ರಿಕೆ ಓದುವ ಲಾಕರ್.

ಆದರೆ ಯಾವ ಒಡವೆಯೂ ನೇರವಾಗಿ ನನಗೆ ಬರುತ್ತಿರಲಿಲ್ಲ. ಮೊದಲು ಟಾಕಿಗೆ ಮುಟ್ಟಿಸಬೇಕು. ಹೊಸ ಸೀರೆಯಾದರೂ ಹಾಗೆಯೇ, ಹಬ್ಬದ ಹೋಳಿಗೆಯಾದರೂ ಹಾಗೆಯೇ. ನಮ್ಮತ್ತೆ ಬಳೆಯನ್ನು ನನ್ನ ಎದೆಯ ಹತ್ತಿರ ತಂದು, ನನ್ನ ಮುಖ ನೋಡದೆ, "ತಗೋ ನಮ್ಮವ್ವಾ, ನಿನಗ ತಂದಾನ" ಎಂದು ಆ ತಗಡಿಗೆ ಹೇಳುತ್ತಿದ್ದರು. ಸ್ವಲ್ಪ ಹೊತ್ತು ಅಲ್ಲೇ ಹಿಡಿದಿರುತ್ತಿದ್ದರು. ಆಕೆ ತೊಟ್ಟು ನೋಡಲೆಂದು ಬಿಟ್ಟ ಹೊತ್ತು ಅದು. ಆಮೇಲೆ ನನ್ನ ಕೈಗೆ ಏರಿಸುತ್ತಿದ್ದರು. ಆ ಬಳೆಗಳಲ್ಲಿ ಒಂದಾದರೂ ನನಗೆ ತಣ್ಣಗೆ ತಾಕಿದ ನೆನಪಿಲ್ಲ. ಯಾರೋ ಈಗಷ್ಟೇ ಕಳಚಿಟ್ಟ ಹಾಗೆ ಬೆಚ್ಚಗಿರುತ್ತಿದ್ದವು. ಅತ್ತೆಯ ಮುಷ್ಟಿಯ ಬಿಸಿ ಅದು, ಫಿಸಿಕ್ಸ್ ನನಗೂ ಗೊತ್ತು. ಗೊತ್ತಿದ್ದೂ ಬಳೆಯನ್ನು ಸೆರಗಿನಿಂದ ಒಮ್ಮೆ ಒರೆಸುತ್ತಿದ್ದೆ.

ಆ ಮನೆಯಲ್ಲಿ ಒಂದು ಹೆಣ್ಣುಮಗುವಿತ್ತು. ಆಕೆಯ ಮಗಳು. ತಾಯಿ ಹೋದಾಗ ಐದು ತುಂಬಿರಲಿಲ್ಲ. ನನ್ನನ್ನು ಚಿಗವ್ವ ಎಂದು ಕರೆಯುತ್ತಿತ್ತು. ಬಂದ ಹೊಸದರಲ್ಲಿ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ನಾನು ಇಂಗ್ಲಿಷ್ ರೈಮ್ಸ್ ಹೇಳಿದೆ, ರಿಬ್ಬನ್ ತಂದೆ, ಏನೂ ನಡೆಯಲಿಲ್ಲ. ಒಂದು ಮಧ್ಯಾಹ್ನ ನಾನು ಚಾಪೆಯ ಮೇಲೆ ಅಡ್ಡಾಗಿದ್ದಾಗ ತಾನಾಗಿ ಬಂದು ಮಗ್ಗುಲಲ್ಲಿ ಮಲಗಿತು. ಕೈ ಚಾಚಿ ನನ್ನ ಕೊರಳಲ್ಲಿದ್ದ ಟಾಕನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಯಿತು.

ಅಂದಿನಿಂದ ಪ್ರತಿ ಮಧ್ಯಾಹ್ನ ಸಾಲಿಯಿಂದ ಬಂದು ಉಂಡ ಮೇಲೆ ಅದೇ. ಕೆಲವೊಮ್ಮೆ ನಿದ್ದೆಗೆ ಮುಂಚೆ ತಗಡಿನ ಹತ್ತಿರ ಬಾಯಿಯಿಟ್ಟು ಏನೋ ಪಿಸುಗುಡುತ್ತಿತ್ತು. ಆಮೇಲೆ ಕಿವಿ ಇಡುತ್ತಿತ್ತು. ಆ ಪುಟ್ಟ ಕಿವಿಯ ಕೆಳಗೆ ನನ್ನ ಎದೆ ಬಡಿದುಕೊಳ್ಳುತ್ತಿತ್ತು, ಮಗು ಬೇರೆ ಯಾರದೋ ಎದೆಬಡಿತವನ್ನು ಕೇಳುತ್ತಿತ್ತು. ನನಗೆ ಮಕ್ಕಳಾಗಲಿಲ್ಲ. ದಿನದ ಆ ಒಂದು ಗಂಟೆಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ಮಗು ಬರುವುದು ನನ್ನ ಹತ್ತಿರ ಅಲ್ಲವೆಂಬುದು ತಿಳಿದಿತ್ತು. ಬರುತ್ತದಲ್ಲ, ಸಾಕು ಎಂದುಕೊಂಡಿದ್ದೆ.

ಎಂಬತ್ತೆರಡರ ಹೊತ್ತಿಗೆ ದರ ಇಳಿಯತೊಡಗಿತು. ನಮ್ಮವರು ಪತ್ರಿಕೆ ಬಂದ ಕೂಡಲೇ ಒಳಪುಟ ತೆಗೆಯುತ್ತಿದ್ದರು. ಮುಖ ನೋಡಿದರೇ ಸಾಕು, ಅಂದಿನ ದರ ತಿಳಿಯುತ್ತಿತ್ತು. ಕೊನೆಗೊಂದು ಮುಂಜಾನೆ ನಿರ್ಧಾರ ಹೇಳಿದರು.

"ಬಂಗಾರದ ಕಾಲ ಮುಗೀತು. ದೊಡ್ಡ ದೊಡ್ಡ ದೇಶದವ್ರ ಕೈ ಬಿಡಾಕತ್ಯಾರ. ಇನ್ನ ಹತ್ತ ವರ್ಷಕ್ಕ ಹುಡುಗ್ಯಾರು ಕೈಗೆ ವಾಚ್ ಕಟ್ಕೊಂಡು ಮದುವಿ ಆಗ್ತಾರ, ಬಳಿ ಯಾರೂ ಕೇಳಂಗಿಲ್ಲ. ಎಲ್ಲಾ ಮಾರಿ ಹಂಚು ಒತ್ತೂ ಹೊಸ ಮಷೀನ್ ತರೂಣು. ಮಷೀನ್ ದುಡಿತೈತಿ. ಬಂಗಾರ ಏನ್ ದುಡಿತೈತಿ? ಸುಮ್ಮ ಕುಂದರತೈತಿ."

"ಇಳೀತೈತಿ ಅಂದ್ರ ಇಳೀಲಿ," ನಮ್ಮತ್ತೆ ಅಕ್ಕಿ ಆರಿಸುತ್ತ ಅಂದರು. "ಮನ್ಯಾಗಿಂದು ತೂಕ ಇಳಿದೈತೇನು? ನಿಮ್ಮ ಪೇಪರ್‌ನ್ಯಾಗ ಇಳಿದ್ರ ನನ್ನ ಕಪಾಟಿನ್ಯಾಗ ಯಾಕ ಇಳೀಬೇಕು?"

"ಎವ್ವಾ, ಇನ್ವೆಸ್ಟ್‌ಮೆಂಟ್ ಅಂದ್ರ ಹಂಗಲ್ಲ."

"ಅದೇನು ಇಂಗ್ಲೀಷೋ ನಿನ್ನ ಹೆಂಡ್ತಿಗೆ ಹೇಳು, ಆಕಿಗೆ ತಿಳಿತೈತಿ."

ಇಬ್ಬರೂ ನನ್ನ ಕಡೆ ನೋಡಿದರು. ನಮ್ಮವರ ಮಾತು ನನಗೆ ರ‍್ಯಾಷನಲ್ ಅನಿಸಿತ್ತು. ಮಾರುವುದೇ ಸರಿ ಎಂದೆ. ಕೈಗಳು ಹಗುರಾಗುವ ಆಸೆಯೂ ಇತ್ತು.

ಆಗ ನಮ್ಮತ್ತೆ ಅಕ್ಕಿಯ ಮೊರವನ್ನು ಕೆಳಗಿಟ್ಟರು. "ಮಾರ್ರಿ. ಆದ್ರ ಒಳಗ ಬರೂ ಮುಂದ ಎಲ್ಲಾ ಆಕಿಗೆ ತೋರಿಸೇವಿ. ಆಕಿದು ಅಂತ ಹೇಳೇವಿ. ಹೊರಗ ಹೋಗೂ ಮುಂದ ಆಕಿನ್ನ ಕೇಳಬೇಕೋ ಬ್ಯಾಡೋ?"

ಬರುವ ಬಂಗಾರಕ್ಕೆ ಪದ್ಧತಿ ಇತ್ತು. ಹೋಗುವ ಬಂಗಾರಕ್ಕೆ ಇರಲಿಲ್ಲ. ಆ ಮನೆಯಿಂದ ಬಂಗಾರ ಹೊರಗೆ ಹೋದದ್ದೇ ಇಲ್ಲ.

"ಹೆಂಗ ಕೇಳ್ತೀ?" ನಮ್ಮವರು ನಕ್ಕರು. "ಟ್ರಂಕ್ ಕಾಲ್ ಹಚ್ಚಲೇನು?"

"ಆಕಿ ಹೊಟ್ಟ್ಯಾಗ ಹುಟ್ಟಿದ್ದು ಮನ್ಯಾಗ ಐತಲ್ಲ. ಅದರ ಬಾಯಿಲೆ ಕೇಳೂಣು."

ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಗುವನ್ನು ಕರೆದಿದ್ದರು. ಎಂಟು ವರ್ಷದ ಹುಡುಗಿ, ಒಂದು ಜಡೆ ಹೆಣೆದಿತ್ತು, ಇನ್ನೊಂದು ಬಾಕಿ ಇತ್ತು. "ನಿಮ್ಮ ಅವ್ವಗ ಕೇಳು, ಈ ಬಂಗಾರ ಎಲ್ಲಾ ಮಾರಲೇನು ಅಂತ."

ಮಗು ನಗಲಿಲ್ಲ, ಅಂಜಲಿಲ್ಲ. ನೆರೆಮನೆಗೆ ಹೋಗಿ ಮೊಸರು ಕೇಳಿಕೊಂಡು ಬಾ ಎಂದರೆ ಹೋಗುವ ಹಾಗೆ ನನ್ನ ಹತ್ತಿರ ಬಂತು. ಮೊಣಕಾಲ ಮೇಲೆ ನಿಂತು ಟಾಕಿಗೆ ಪಿಸುಗುಟ್ಟಿತು. ಕಿವಿ ಇಟ್ಟಿತು. ಬಹಳ ಹೊತ್ತು ಇಟ್ಟಿತು. ಹೊರಗೆ ಕಾರ್ಖಾನೆಯಲ್ಲಿ ಹಂಚು ಪೇರಿಸುವ ಸದ್ದು ಕೇಳುತ್ತಿತ್ತು.

"ಮಾರ್ರಿ ಅಂತಾಳ," ಎಂದಿತು. ಎದ್ದು ನಿಂತು, "ನನ್ನೂ ಬಿಡ್ರಿ ಅಂತಾಳ. ಇಲ್ಲೇ ಭಾಳ ದಿನಾ ಆತಂತ. ಸಾಕಾಗೇತಂತ" ಎಂದಿತು.

ನಮ್ಮವರ ಮುಖದ ನಗು ಎಲ್ಲಿ ಹೋಯಿತೋ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ಮೆಲ್ಲಗೆ, "ಆಕಿನ ಅಂದಮ್ಯಾಲ ಮುಗೀತು. ಅದನ್ನೂ ಒಯ್ರಿ" ಎಂದರು.

ಒಪ್ಪದವಳು ನಾನೊಬ್ಬಳೇ. ಮದುವೆಯಲ್ಲಿ ಆ ತಗಡನ್ನು ಕಂಡು ಹೇಸಿದವಳು ಈಗ ಅದನ್ನೇ ಮುಷ್ಟಿಯಲ್ಲಿ ಬಿಗಿಹಿಡಿದು ಕುಳಿತೆ. ಅದು ಹೋದರೆ ಮಧ್ಯಾಹ್ನ ಯಾರ ಹತ್ತಿರ ಬಂದು ಮಲಗುತ್ತದೆ ಈ ಮಗು? ಆ ಮಾತನ್ನು ಹೇಳಲಿಕ್ಕೆ ಬರುವಂತಿರಲಿಲ್ಲ. "ಮಕ್ಕಳ ಮಾತು, ಸೀರಿಯಸ್ಸಾಗಿ ತಗೋಬಾರ್ದು" ಎಂದೆ.

"ನೀ ಆಕಿನ್ನ ಬಿಟ್ಟು ಹೆಂಗ ಇರ್ತಿ ಅಂತ ನಿನಗ ಚಿಂತಿ ಆಗೇತೇನವಾ?" ಎಂದು ಅತ್ತೆ ಕೇಳಿದರು. ಅದು ಚುಚ್ಚುಮಾತೋ ಕರುಣೆಯೋ ಇವತ್ತಿಗೂ ತಿಳಿದಿಲ್ಲ.

ನನ್ನ ಮಾತು ನಡೆಯಲಿಲ್ಲ. ಬೆಳಗಾವಿಗೆ ಬಸ್ಸಿನಲ್ಲಿ ಹೋದೆವು, ನಾನು, ನಮ್ಮವರು ಇಬ್ಬರೇ. ಅಲ್ಲಿನ ಶಹಾಪುರದ ಓಣಿಯೊಂದರಲ್ಲಿ ನಮ್ಮವರಿಗೆ ಪರಿಚಯದ ಅಕ್ಕಸಾಲಿಗ ಪತ್ತಾರರ ಅಂಗಡಿ. ನಾನು ಗಾದಿಯ ಅಂಚಿನಲ್ಲಿ ಕುಳಿತು ಒಂದೊಂದಾಗಿ ಕಳಚಿ ಕೊಟ್ಟೆ. ಪತ್ತಾರರು ಕಲ್ಲಿಗೆ ತಿಕ್ಕಿ, ತೂಗಿ, ದರ ಹೇಳಿದರು.

"ಪೇಪರ್‌ನ್ಯಾಗ ಇದಕ್ಕಿಂತ ಹೆಚ್ಚಿತ್ತಲ್ರೀ," ಎಂದರು ನಮ್ಮವರು.

"ಪೇಪರ್‌ನವ್ರಿಗೆ ಮಾರ್ರಿ ಹಂಗಾರ, ಸಾವ್ಕಾರ್ರ. ಮುಂಜಾನಿಂದ ಎಲ್ಲಾರೂ ಮಾರಾಕ ಬಂದಾರ, ಕೊಳ್ಳವ್ರು ಒಬ್ರಿಲ್ಲ. ನಾಳೆ ಬಂದ್ರ ಇಷ್ಟೂ ಸಿಗಾಂಗಿಲ್ಲ."

ನಮ್ಮವರು ಒಪ್ಪಿದರು. ಕೊನೆಗೆ ನನ್ನ ಕಡೆ ತಿರುಗಿ ಕಣ್ಣಿನಲ್ಲೇ ಕೇಳಿದರು. ನಾನು ಟಾಕನ್ನು ಬಿಚ್ಚಿ ಗಾದಿಯ ಮೇಲಿಟ್ಟೆ. ಪತ್ತಾರರು ಅದನ್ನು ತಕ್ಕಡಿಗೆ ಹಾಕಲಿಲ್ಲ. ಒಂದು ಬೆರಳಿನಿಂದ ನನ್ನ ಕಡೆಗೇ ಸರಿಸಿದರು.

"ಇದನ್ನ ತಗೊಳ್ಳಾಂಗಿಲ್ರೀ ಅಕ್ಕಾರ."

"ಯಾಕ, ಬಂಗಾರ ಅಲ್ಲೇನು ಇದು?" ನಮ್ಮವರು ಕೇಳಿದರು.

"ಬಂಗಾರನ ಐತ್ರೀ. ಮನಿ ಮಂದೀನ್ನ ನಾ ಖರೀದಿ ಮಾಡಾಂಗಿಲ್ಲ. ಮುಖ ತಿಕ್ಕಿ ಕೊಡ್ರಿ, ತಗೋತೀನಿ. ಮುಖ ಇರೂತನಾ ಮುಟ್ಟಾಂಗಿಲ್ಲ. ಅದೂ ನಿಮ್ಮ ಮನ್ಯಾಗಿನವ್ರ ತಿಕ್ಕಬೇಕು." ಹೀಗೆಂದು ಲೋಹ ಉಜ್ಜುವ ಸಣ್ಣ ಅರವೊಂದನ್ನು ನಮ್ಮವರ ಮುಂದಿಟ್ಟರು.

ನಮ್ಮವರು ಅರವನ್ನು ಎತ್ತಿಕೊಂಡರು. ಎಡಗೈಯಲ್ಲಿ ತಗಡನ್ನು ಹಿಡಿದರು. ಬಂಗಾರ ಸುಮ್ಮನೆ ಕೂರುತ್ತದೆ ಎಂದ ಮನುಷ್ಯ ಆ ಎರಡು ಚುಕ್ಕೆಗಳನ್ನೇ ನೋಡುತ್ತ ಕುಳಿತುಬಿಟ್ಟರು. ನಾನು ಆ ಮನೆಗೆ ಬಂದ ಮೇಲೆ ಅವರು ಅದನ್ನು ನೇರ ನೋಡಿದ್ದು ಅದೇ ಮೊದಲು. ಅರವನ್ನು ಕೆಳಗಿಟ್ಟು, "ಆಮ್ಯಾಲ ನೋಡೂಣು" ಎಂದರು. ಬಸ್ಸಿನಲ್ಲಿ ನಾನು ಒಳಗೊಳಗೇ ಹಿಗ್ಗಿದ್ದೆ. ಟಾಕು ನನ್ನ ಕೊರಳಿಗೆ ಮರಳಿತ್ತು.

ಮನೆಯ ಕಟ್ಟೆಯ ಮೇಲೆ ಮಗು ಕಾಯುತ್ತಿತ್ತು. ನನ್ನ ಬರಿಗೈಗಳನ್ನು ನೋಡಿತು. ಆಮೇಲೆ ಕೊರಳನ್ನು ನೋಡಿತು.

"ಮತ್ತ ಕರ್ಕೊಂಡು ಬಂದ್ರಿ?" ಎಂದಿತು.

ಮರುದಿನ ಮಧ್ಯಾಹ್ನ ಅದು ನನ್ನ ಹತ್ತಿರ ಬರಲಿಲ್ಲ. ಅದರ ಮರುದಿನವೂ ಇಲ್ಲ. ಜಡೆ ಹಾಕಿಸಿಕೊಳ್ಳುವಾಗಲೂ ಗೋಡೆಯ ಕಡೆ ಮುಖ. ಕೇಳಿದರೆ, "ಆಕಿ ಅಳತಾಳ, ನಾ ಬರಂಗಿಲ್ಲ" ಎಂದಿತು. ಚಾಪೆಯ ಮೇಲೆ ಒಬ್ಬಳೇ ಮಲಗಿದರೆ ನನಗೂ ಕೇಳಿಸತೊಡಗಿತು. ತಗಡು ತಾಳಿಗೆ ತಾಕುವ ಸಣ್ಣ ಸದ್ದು, ಅಷ್ಟೇ. ಉಸಿರು ಬಿಗಿಹಿಡಿದರೂ ಅದು ನಿಲ್ಲುತ್ತಿರಲಿಲ್ಲ. ಕನ್ನಡಿಯಲ್ಲಿ ತಲೆ ಬಾಚುವಾಗ ನನ್ನ ಮುಖಕ್ಕಿಂತ ಮೊದಲು ಅದು ಕಾಣುತ್ತಿತ್ತು. ಮಗುವನ್ನು ಕಟ್ಟಿಹಾಕುವ ಆಸೆಯಿಂದ ಇಬ್ಬರನ್ನೂ ಹಿಡಿದುಕೊಂಡಿದ್ದೇನೆ, ಇಬ್ಬರೂ ಬಿಡಿಸಿಕೊಳ್ಳಲು ನೋಡುತ್ತಿದ್ದಾರೆ ಎನಿಸುತ್ತಿತ್ತು.

ಒಂದು ಮಧ್ಯಾಹ್ನ ಎದ್ದು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಚಿಮುಕಿಸಿ, ಟಾಕನ್ನು ಕವುಚಿಟ್ಟು ತಿಕ್ಕತೊಡಗಿದೆ. ಹಿಂದೆ ಹೆಜ್ಜೆಯ ಸದ್ದಾಯಿತು. ಮಗು ಬಂದು ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತಿತು.

"ನೋವಾಗತೈತೇನು ಆಕಿಗೆ?" ನಾನೇ ಕೇಳಿದೆ. ಕಾನ್ವೆಂಟಿನಲ್ಲಿ ಕಲಿತ ನಾನು.

ಅದು ಬಗ್ಗಿ ಕಿವಿಗೊಟ್ಟಿತು. "ಇಲ್ಲಂತ. ಜಲ್ದಿ ಜಲ್ದಿ ತಿಕ್ಕು ಅಂತಾಳ." ಆಮೇಲೆ, "ನಂಗೂ ಕೊಡು" ಎಂದಿತು.

ಸರದಿಯ ಮೇಲೆ ತಿಕ್ಕಿದೆವು. ಮೂಗು ಮೊದಲು ಹೋಯಿತು, ಆಮೇಲೆ ಸೀರೆಯ ಗೀರುಗಳು. ಕಣ್ಣಿನ ಚುಕ್ಕೆಗಳು ಬಹಳ ಹೊತ್ತು ಉಳಿದವು. ಕಲ್ಲಿನ ಮೇಲೆ ಹಳದಿ ಗೆರೆಗಳು ಮೂಡಿದವು. ತಗಡು ಎಷ್ಟು ತೆಳುವಾಯಿತೆಂದರೆ ಮುಖವಿದ್ದಲ್ಲಿ ಸೂಜಿಮೊನೆಯಷ್ಟು ತೂತು ಬಿತ್ತು. ಮಗು ಅದನ್ನು ಕಣ್ಣಿಗೆ ಹಿಡಿದು ಆಚೆ ನೋಡಿತು. ಏನು ಕಂಡಿತೋ ಹೇಳಲಿಲ್ಲ. "ಸಾಕು. ಹೋದ್ಲು" ಎಂದಿತು.

ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. "ಕಲ್ಲು ತೊಳೀರಿ. ಆಕಿ ಮ್ಯಾಲ ಕಾಲಿಡೂದು ಬ್ಯಾಡ" ಎಂದು ತಾವೇ ಕೊಡದಿಂದ ನೀರು ಸುರಿದರು.

ಮುಖವಿಲ್ಲದ ತಗಡನ್ನು ನಮ್ಮವರು ಮುಂದಿನ ಸಲ ಬೆಳಗಾವಿಗೆ ಹೋದಾಗ ಕೊಟ್ಟು ಬಂದರು. ದರ ಮತ್ತಷ್ಟು ಇಳಿದಿತ್ತು. ಕೆಲ ವರ್ಷಗಳಲ್ಲಿ ಅದು ಏರತೊಡಗಿ, ಮತ್ತೆಂದೂ ಆ ಮಟ್ಟಕ್ಕೆ ಇಳಿಯಲಿಲ್ಲ. ಮಷೀನು ಬಂತು, ಸಿಮೆಂಟಿನ ಶೀಟುಗಳೂ ಬಂದವು, ಹಂಚು ಕೇಳುವವರು ಕಡಿಮೆಯಾದರು. ಇಂದಿಗೂ ದರ ಬಿದ್ದಾಗಲೆಲ್ಲ ನಮ್ಮ ಮನೆತನದ ಹುಡುಗರು, "ಗೋಲ್ಡ್ ಇಟ್ಕೊಳ್ಳೋದಾ, ಮಾರೋದಾ?" ಎಂದು ನನ್ನನ್ನು ಕೇಳುತ್ತಾರೆ. ಇಟ್ಟುಕೊಂಡವರು ಗೆದ್ದರು ಎಂದು ಲೆಕ್ಕ ಹೇಳುತ್ತದೆ. ಆ ಮನೆಯಲ್ಲಿ ಇಟ್ಟುಕೊಳ್ಳುವುದೆಂದರೆ ಏನೆಂದು ಇವರಿಗೆ ಹೇಗೆ ಹೇಳಲಿ?

ತಿಕ್ಕಿದ ಆ ದಿನ ಮಗು ನನ್ನ ಹತ್ತಿರ ಮಲಗಲು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೇ ತಿಕ್ಕಿದ್ದೆ. ಓಣಿಗೆ ಆಡಲು ಹೋಯಿತು. ದೀಪ ಹಚ್ಚುವ ಹೊತ್ತಿಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿತು.

"ಚಿಗವ್ವ, ಹಸಿವಿ ಆಗೇತಿ."

"ಏನ್ ಮಾಡ್ಲಿ? ಬೆಲ್ಲದ ಸಜ್ಜಕ ಮಾಡ್ಲಾ?"

"ಅದು ಅವ್ವ ಮಾಡತಿದ್ಲು. ಅದು ಬ್ಯಾಡ. ನಿನಗ ಬರೂದು ಮಾಡು."

ಆ ಮನೆಯಲ್ಲಿ ಕಲಿತದ್ದನ್ನು ಬಿಟ್ಟರೆ ನನಗೆ ಬರುತ್ತಿದ್ದುದು ಕಾನ್ವೆಂಟಿನ ಕುಕರಿ ಕ್ಲಾಸಿನ ಪ್ಯಾನ್‌ಕೇಕ್ ಒಂದೇ. ಮಾಡಿದೆ. ಒಂದು ಬದಿ ಸೀದಿತ್ತು. ಅತ್ತೆ ಇಣುಕಿ ನೋಡಿ, "ಇದೇನವಾ, ದ್ವಾಸಿಗೆ ಸಕ್ರಿ ಹಾಕೀದಿ?" ಎಂದು ಹೋದರು. ಮಗು ಸೀದ ಬದಿಯನ್ನು ಕೆಳಗೆ ಮಾಡಿಕೊಂಡು ತಿಂದಿತು. ನಡುವೆ ಒಮ್ಮೆ ಅಗಿಯುವುದನ್ನು ನಿಲ್ಲಿಸಿತು. ನಾನೂ ಒಲೆ ಊದುವುದನ್ನು ನಿಲ್ಲಿಸಿದೆ. ನಾವಿಬ್ಬರೂ, ಮುಖವಿಲ್ಲದ ತಗಡನ್ನು ಇಟ್ಟಿದ್ದ ಒಳಕೋಣೆಯ ಕಡೆಗೆ ಕಿವಿಗೊಟ್ಟು ಕುಳಿತಿದ್ದೆವು. ಅಲ್ಲಿಂದ ಯಾವ ಸದ್ದೂ ಬರಲಿಲ್ಲ.